ಶೇಕರ್‌ನ ನಾಬ್ 60ರಲ್ಲಿದೆ ಅಂದರೆ ಸಾಕಾಗುವುದಿಲ್ಲ

ಎಂ ಸ್ಯಾಂಡ್, ಅಂದರೆ ಕಲ್ಲು ಒಡೆದು ಮಾಡುವ ಮರಳು, ತಯಾರಿಸುವ ಕ್ರಷರ್‌ನಲ್ಲಿ ಲ್ಯಾಬ್ ನೋಡಿಕೊಳ್ಳುವವಳು ನಾನು. ನಮ್ಮ ಕ್ರಷರ್ ಇರುವುದು ಚಿಕ್ಕಬಳ್ಳಾಪುರದ ಕಡೆ. ಇಲ್ಲಿಂದ ಬೆಂಗಳೂರಿನ ರೆಡಿಮಿಕ್ಸ್ ಕಾಂಕ್ರೀಟ್ ಪ್ಲಾಂಟ್‌ಗಳಿಗೆ ಮರಳು ಹೋಗುತ್ತದೆ. ಮರಳಿನ ಜತೆ ನನ್ನ ಸಹಿ ಇರುವ ಒಂದು ಹಾಳೆಯೂ ಹೋಗುತ್ತದೆ. 4.75 ಮಿ.ಮೀ. ಜರಡಿಯಿಂದ ಹಿಡಿದು 2.36, 1.18, 600 ಮೈಕ್ರಾನ್, 300, 150ರವರೆಗೆ ಯಾವುದರಲ್ಲಿ ಎಷ್ಟು ನಿಂತಿತು, ಎಷ್ಟು ಇಳಿಯಿತು ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಈ ಜರಡಿಗಳನ್ನು ಒಂದರ ಮೇಲೊಂದು ಪೇರಿಸಿ ಕುಣಿಸುವ ಮೆಷಿನ್ನೇ ಶೇಕರ್, ಅದರ ಕುಣಿತವನ್ನು ಹೆಚ್ಚು ಕಡಿಮೆ ಮಾಡುವ ತಿರುಗಣೆ ನಾಬ್.

ಈ ಲೆಕ್ಕದಲ್ಲಿ ಒಂದು ಸಾಲಿನ ಮೇಲೆ ಎಲ್ಲರ ಕಣ್ಣು. ಅದು 600 ಮೈಕ್ರಾನ್. ಕಾಂಕ್ರೀಟಿನ ಮರಳು, ಜಲ್ಲಿಗೆ ಇರುವ ಭಾರತೀಯ ಮಾನಕ ಐಎಸ್ 383ರ ಪ್ರಕಾರ 600 ಮೈಕ್ರಾನ್ ಜರಡಿಯಿಂದ ಶೇ 35ರಿಂದ 59ರಷ್ಟು ಇಳಿದರೆ ಮರಳು ಝೋನ್ 2. 15ರಿಂದ 34 ಇಳಿದರೆ ಝೋನ್ 1, ಅಂದರೆ ದಪ್ಪ ಮರಳು. ಬೇರೆ ಜರಡಿಗಳಲ್ಲಿ ಎಲ್ಲ ಸೇರಿ ಶೇ 5ರವರೆಗೆ ಆಚೀಚೆ ಆದರೂ ಕೋಡ್ ಒಪ್ಪಿಕೊಳ್ಳುತ್ತದೆ. 600ಕ್ಕೆ ಆ ರಿಯಾಯಿತಿ ಇಲ್ಲ.

ಒಂದು ಪ್ಲಾಂಟ್‌ನಿಂದ ನಮ್ಮ ಲೋಡ್ ವಾಪಸ್ ಬಂತು. ನನ್ನ ಹಾಳೆಯಲ್ಲಿ 600 ಮೈಕ್ರಾನ್ ಇಳಿದಿದ್ದು 37 ಇತ್ತು. ಅವರ ಲ್ಯಾಬ್‌ನಲ್ಲಿ 33 ಬಂದಿತ್ತು. "ಮೇಡಂ, ನಿಮ್ಮ ಮರಳು ಝೋನ್ 1ಕ್ಕೆ ಹೋಗಿದೆ, ನಮ್ಮ ಮಿಕ್ಸ್ ಡಿಸೈನ್ ಝೋನ್ 2ಕ್ಕೆ ಇರೋದು, ತಗೊಳ್ಳೋಕಾಗಲ್ಲ" ಅಂದರು ಅಲ್ಲಿನ ಕ್ವಾಲಿಟಿ ಇಂಜಿನಿಯರ್. ಅವರು ಸುಳ್ಳು ಹೇಳುವವರಲ್ಲ, ಅದು ನನಗೆ ಗೊತ್ತಿತ್ತು. ನಾನೂ ಸುಳ್ಳು ಬರೆದಿರಲಿಲ್ಲ. ಆದರೆ ಡ್ರೈವರ್ ಗೇಟ್ ಹೊರಗೆ ಅರ್ಧ ದಿನ ಕಾದು ಖಾಲಿ ಹೊಟ್ಟೆಯಲ್ಲಿ ವಾಪಸ್ ಬಂದ. ಡೀಸೆಲ್ ದುಡ್ಡು ಯಾರು ಕೊಡಬೇಕು ಅಂತ ಆಫೀಸಿನಲ್ಲಿ ಜಗಳ ಆಯಿತು. ಎರಡು ಲ್ಯಾಬ್‌ಗಳ ನಡುವಿನ ನಾಲ್ಕು ಅಂಕದ ವ್ಯತ್ಯಾಸಕ್ಕೆ ಅದರಲ್ಲಿ ಕೈಯೇ ಇಲ್ಲದವನು ಬೆಲೆ ತೆರಬೇಕಾಯಿತು. ಇದು ನನಗೆ ಸರಿ ಅನ್ನಿಸಲಿಲ್ಲ. ಯಾಕೆ ಹೀಗಾಗುತ್ತದೆ ಅಂತ ಬುಡದಿಂದ ನೋಡೋಣ ಅಂತ ಹೊರಟೆ. ಆ ಇಂಜಿನಿಯರ್ ಕೂಡ ಮನಸ್ಸಿಟ್ಟು ಜತೆಗೂಡಿದರು.

ಮೊದಲು ಕಾಗದದ ಮೇಲೆ ಹೋಲಿಸಿದೆವು. ಎರಡೂ ಕಡೆ ಎಲೆಕ್ಟ್ರೋಮ್ಯಾಗ್ನೆಟಿಕ್ ಶೇಕರ್. ಎರಡೂ ಕಡೆ 200 ಮಿ.ಮೀ. ಜರಡಿ. ಎರಡೂ ಕಡೆ ಹತ್ತು ನಿಮಿಷ. ಎರಡರ ಜರಡಿಗೂ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇದೆ. ಮೆಷಿನ್ ನಾಬ್ ಕೂಡ ಎರಡೂ ಕಡೆ 60ರಲ್ಲೇ ಇತ್ತು. ಹಾಳೆಯಲ್ಲಿ ನೋಡಿದರೆ ಎರಡು ಪರೀಕ್ಷೆಗೂ ಏನೂ ವ್ಯತ್ಯಾಸ ಕಾಣುವುದಿಲ್ಲ.

ಆದರೆ ಈ 60 ಅಂದರೆ ಏನು? 60 ಮಿ.ಮೀ. ಅಲ್ಲ, 60 ಹರ್ಟ್ಜ್ ಅಲ್ಲ. ಜರಡಿಯನ್ನು ಕುಣಿಸುವ ಮ್ಯಾಗ್ನೆಟ್‌ನ ಕಾಯಿಲ್‌ಗೆ ಹೋಗುವ ಕರೆಂಟಿನ ಶೇಕಡ 60, ಅಷ್ಟೇ. ಆ ಕರೆಂಟಿಗೆ ಜರಡಿ ನಿಜವಾಗಿ ಎಷ್ಟು ಕುಣಿಯುತ್ತದೆ ಅನ್ನುವುದು ಬೇರೆ ವಿಷಯಗಳ ಮೇಲೆ ನಿಂತಿದೆ. ಸ್ಪ್ರಿಂಗ್ ಎಷ್ಟು ಹಳೆಯದು, ಮೇಲೆ ಎಷ್ಟು ಜರಡಿ ಪೇರಿಸಿದ್ದೀರಿ, ಅವು ಹಿತ್ತಾಳೆಯದೋ ಸ್ಟೀಲಿನದೋ, ಮೇಲಿನ ಕ್ಲಾಂಪ್ ಎಷ್ಟು ಬಿಗಿ, ಕರೆಂಟ್ 230 ವೋಲ್ಟ್ ಇದೆಯೋ 200ಕ್ಕೆ ಇಳಿದಿದೆಯೋ. ಈ ಮೆಷಿನ್‌ಗಳು ಸ್ಪ್ರಿಂಗ್ ಮೇಲೆ ಕೂತ ಭಾರ. ತಮ್ಮದೇ ಆದ ಒಂದು ಲಯಕ್ಕೆ ಹತ್ತಿರದಲ್ಲಿ ಕುಣಿಯುವ ಹಾಗೆ ಅವನ್ನು ಕಟ್ಟಿರುತ್ತಾರೆ. ಭಾರ ಬದಲಾದರೆ ಆ ಲಯ ಜರುಗುತ್ತದೆ, ಕುಣಿತ ಹೆಚ್ಚಬಹುದು ಅಥವಾ ಕಡಿಮೆಯಾಗಬಹುದು. ಕುಣಿತವನ್ನು ತಾನೇ ಅಳೆದು ತಾನೇ ಸರಿಪಡಿಸಿಕೊಳ್ಳುವ ಮೆಷಿನ್‌ಗಳು ಇವೆ. ಅವುಗಳಿಗೆ ಬೆಲೆ ಜಾಸ್ತಿ. ನಮ್ಮಂಥ ಕ್ರಷರ್ ಲ್ಯಾಬ್‌ಗಳಲ್ಲಿ ಇರುವುದು ನಾಬ್ ಮೆಷಿನ್‌ಗಳೇ.

ಹಾಗಾದರೆ ಕುಣಿತವನ್ನು ಅಳೆಯುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಅಂಗಳದಲ್ಲೇ ಇತ್ತು. ಕ್ರಷರ್‌ನಲ್ಲಿ ಜಲ್ಲಿ ಬೇರ್ಪಡಿಸುವ ದೊಡ್ಡ ವೈಬ್ರೇಟಿಂಗ್ ಸ್ಕ್ರೀನ್ ಇರುತ್ತದಲ್ಲ, ಅದರ ಪಕ್ಕದ ತಗಡಿಗೆ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ಮೇಂಟೆನೆನ್ಸ್‌ನವರು ಅದನ್ನು ನೋಡಿ ಸ್ಟ್ರೋಕ್, ಅಂದರೆ ಸ್ಕ್ರೀನ್ ಆಡುವ ದೂರ, ಎಷ್ಟಿದೆ ಅಂತ ಹೇಳುತ್ತಾರೆ. ಅದೇ ತತ್ವವನ್ನು ಲ್ಯಾಬ್ ಶೇಕರ್‌ಗೂ ಹಾಕಬಹುದು.

ಬಿಳಿ ಹಾಳೆಯ ಮೇಲೆ ಒಂದು ಉದ್ದನೆಯ ಕಪ್ಪು ತ್ರಿಕೋನ ಪ್ರಿಂಟ್ ತೆಗೆಯಿರಿ. ಉದ್ದ 60 ಮಿ.ಮೀ. ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಎತ್ತರ 3 ಮಿ.ಮೀ. ಇದನ್ನು ಜರಡಿಯ ಹೊರಮೈಗೆ ಅಡ್ಡಲಾಗಿ ಅಂಟಿಸಿ. ಮೆಷಿನ್ ಓಡುವಾಗ ಜರಡಿ ಮೇಲೆ ಕೆಳಗೆ ಆಡುತ್ತದೆ, ತ್ರಿಕೋನ ಮಸುಕಾಗುತ್ತದೆ. ಆದರೆ ದಪ್ಪ ಇರುವ ಕಡೆ ನಡುವೆ ಒಂದು ಭಾಗ ಗಟ್ಟಿ ಕಪ್ಪಾಗಿಯೇ ಉಳಿಯುತ್ತದೆ, ಯಾಕೆಂದರೆ ಎಷ್ಟು ಆಡಿದರೂ ಅಲ್ಲಿ ಕಪ್ಪು ತಪ್ಪುವುದಿಲ್ಲ. ಆ ಗಟ್ಟಿ ಕಪ್ಪಿನ ತುದಿ ಎಲ್ಲಿ ಮುಗಿಯುತ್ತದೋ ಅಲ್ಲಿ ತ್ರಿಕೋನದ ಎತ್ತರ ಮತ್ತು ಜರಡಿಯ ಪೂರ್ತಿ ಆಟ ಎರಡೂ ಒಂದೇ. ಚೂಪು ತುದಿಯಿಂದ ಅಳೆದು 20ರಿಂದ ಭಾಗಿಸಿ. 24 ಮಿ.ಮೀ. ದೂರದಲ್ಲಿ ಮುಗಿದರೆ ಆಟ 1.2 ಮಿ.ಮೀ. ಖರ್ಚು ಒಂದು ಹಾಳೆ, ಒಂದಿಷ್ಟು ಟೇಪ್. ಪ್ರಿಂಟರ್ ಅಳತೆ ಹಿಗ್ಗಿಸಿ ಕುಗ್ಗಿಸಿ ಕೊಟ್ಟಿಲ್ಲವೇ ಅಂತ ಮಾತ್ರ ಸ್ಕೇಲ್ ಇಟ್ಟು ನೋಡಿಕೊಳ್ಳಬೇಕು.

ಅಂಟಿಸಿ ನೋಡಿದಾಗ ನನ್ನ ಮೆಷಿನ್ 60ರಲ್ಲಿ 1.2 ಮಿ.ಮೀ. ಆಡುತ್ತಿತ್ತು. ಅವರದು ಅದೇ 60ರಲ್ಲಿ 0.7.

ಇಲ್ಲಿ ಇನ್ನೊಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕೆಲವು ಮೆಷಿನ್ ಪುಸ್ತಕಗಳಲ್ಲಿ ಆಂಪ್ಲಿಟ್ಯೂಡ್ ಅಂದರೆ ಕೆಳಗಿನ ತುದಿಯಿಂದ ಮೇಲಿನ ತುದಿಯವರೆಗಿನ ಪೂರ್ತಿ ದೂರ. ಇನ್ನು ಕೆಲವದರಲ್ಲಿ ನಡುವಿನಿಂದ ಒಂದು ಬದಿಗೆ ಮಾತ್ರ, ಅಂದರೆ ಅರ್ಧ. ಯಾವುದು ಅಂತ ಹೇಳದೆ "ಆಂಪ್ಲಿಟ್ಯೂಡ್ 1" ಅಂತ ಬರೆದರೆ ಓದುವವರು ಎರಡು ಪಟ್ಟು ಆಚೀಚೆ ಹೋಗಬಹುದು. ನಾವು ಪೂರ್ತಿ ದೂರವನ್ನೇ ಬರೆಯುವುದು ಅಂತ ಒಪ್ಪಂದ ಮಾಡಿಕೊಂಡೆವು.

ಆಟದ ಜತೆಗೆ ವೇಗವೂ ಬೇಕು, ಅಂದರೆ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಅನ್ನುವುದು. ನಮ್ಮ ಲೈನ್ ಕರೆಂಟ್ 50 ಹರ್ಟ್ಜ್. ಕಾಯಿಲ್‌ಗೆ ಡಯೋಡ್ ಹಾಕಿ ಅರ್ಧ ಅಲೆಯನ್ನಷ್ಟೇ ಕೊಟ್ಟರೆ ಮ್ಯಾಗ್ನೆಟ್ ಸೆಕೆಂಡಿಗೆ 50 ಸಲ ಎಳೆಯುತ್ತದೆ, ನಿಮಿಷಕ್ಕೆ 3000. ಅಲೆಯ ಎರಡೂ ಅರ್ಧ ಕೊಟ್ಟರೆ ನಿಮಿಷಕ್ಕೆ 6000. ಮೆಷಿನ್‌ನ ಹಿಂದಿನ ಪ್ಲೇಟ್ ಮೇಲೆ ಇದನ್ನು ಬರೆದಿದ್ದರೆ ಒಮ್ಮೆ ಓದಿಕೊಳ್ಳಿ. ಯಾಕೆ ಅಂದರೆ ಮರಳಿನ ಕಣವನ್ನು ಮೇಲಕ್ಕೆ ಎಸೆಯುವುದು ವೇಗೋತ್ಕರ್ಷ. ಅದು ಆಟಕ್ಕೆ ನೇರವಾಗಿ ಹೆಚ್ಚುತ್ತದೆ, ಆದರೆ ವೇಗದ ವರ್ಗಕ್ಕೆ ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ಎಸೆತ ನಾಲ್ಕು ಪಟ್ಟು.

ಲೆಕ್ಕ ಕಷ್ಟದ್ದೇನಲ್ಲ. 50 ಹರ್ಟ್ಜ್‌ನಲ್ಲಿ ಪೂರ್ತಿ ಆಟ 1 ಮಿ.ಮೀ. ಇದ್ದರೆ ಗರಿಷ್ಠ ವೇಗೋತ್ಕರ್ಷ ಗುರುತ್ವದ ಸುಮಾರು 5 ಪಟ್ಟು, ಅಂದರೆ 5 ಜಿ. ಹಾಗಾಗಿ ನನ್ನ 1.2 ಅಂದರೆ 6 ಜಿ. ಅವರ 0.7 ಅಂದರೆ ಮೂರೂವರೆ ಜಿ. ಕಾಗದದಲ್ಲಿ ಒಂದೇ ಆಗಿದ್ದ ಎರಡು ಪರೀಕ್ಷೆಗಳಲ್ಲಿ ಒಂದು ಇನ್ನೊಂದಕ್ಕಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಜೋರಾಗಿ ಎಸೆಯುತ್ತಿತ್ತು.

ಅಮೆರಿಕದಲ್ಲಿ ಲೈನ್ ಕರೆಂಟ್ 60 ಹರ್ಟ್ಜ್. ಅಲ್ಲಿನ ಲ್ಯಾಬ್ ಒಂದರಲ್ಲಿ ಕೆಲಸ ಮಾಡುವ ನನ್ನ ಡಿಪ್ಲೊಮಾ ಕ್ಲಾಸ್‌ಮೇಟ್ "ನಾವು 1.2 ಇಡ್ತೀವಿ" ಅಂದಾಗ ಅದನ್ನು ಹಾಗೇ ಇಲ್ಲಿ ತರಲು ಬರುವುದಿಲ್ಲ. ಅದೇ ಆಟ ಅಲ್ಲಿ ಸುಮಾರು 8.7 ಜಿ ಆಗುತ್ತದೆ. ನನ್ನ 6 ಜಿ ಅವಳಿಗೆ ಬೇಕಾದರೆ ಆಟವನ್ನು 0.83ಕ್ಕೆ ಇಳಿಸಬೇಕು. ದೂರದ ಎರಡು ಲ್ಯಾಬ್‌ಗಳು ಮಾತಾಡುವಾಗ ಮಿ.ಮೀ.ಗಿಂತ ಜಿ ಲೆಕ್ಕವೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಜೋರಾದಷ್ಟೂ ಒಳ್ಳೆಯದು ಅಂತ ತಿಳಿಯಬಾರದು. ನನ್ನ ಮೆಷಿನ್‌ನಲ್ಲಿ ಒಂದೇ ಮರಳನ್ನು ಅಷ್ಟೇ ಸಮಯ ಇಟ್ಟು ಆಟವನ್ನು ಮಾತ್ರ ಸ್ವಲ್ಪ ಸ್ವಲ್ಪ ಏರಿಸುತ್ತಾ ನೋಡಿದೆ. ಅರ್ಧ ಮಿ.ಮೀ. ಹತ್ತಿರ ಮರಳು ಜರಡಿಯ ಮೇಲೆ ಸುಮ್ನೆ ನಡುಗುತ್ತಾ ಕೂತಿರುತ್ತದೆ, ಕಣಗಳು ಹೊರಳುವುದೇ ಇಲ್ಲ. ಆಟ ಏರಿದಂತೆ ಇಳಿಯುವುದು ಹೆಚ್ಚುತ್ತದೆ. 1.2ರ ಸುತ್ತಮುತ್ತ ಒಂದು ಸಮತಟ್ಟು ಬರುತ್ತದೆ, ಸ್ವಲ್ಪ ಆಚೀಚೆ ಆದರೂ ಉತ್ತರ ಬದಲಾಗುವುದಿಲ್ಲ. 2 ಹತ್ತಿರ ಹೋದಾಗ ಇಳಿಯುವುದು ಮತ್ತೆ ಕಡಿಮೆಯಾಯಿತು. ಯಾಕೆಂದರೆ ಕಣ ತುಂಬಾ ಎತ್ತರ ಹಾರಿ ಗಾಳಿಯಲ್ಲೇ ಜಾಸ್ತಿ ಹೊತ್ತು ಕಳೆಯುತ್ತದೆ. ಜರಡಿಯ ಕಣ್ಣಿಗೆ ಬಂದು ತಾಕುವ ಅವಕಾಶಗಳೇ ಕಡಿಮೆ. ಒಂದು ಎಸೆತಕ್ಕೆ ಎದ್ದು, ಹೊರಳಿ, ಮುಂದಿನ ಎಸೆತಕ್ಕೆ ಸರಿಯಾಗಿ ಮತ್ತೆ ಕಣ್ಣಿನ ಮೇಲೆ ಬೀಳುವಷ್ಟು ಎತ್ತರ ಸಾಕು. ಈ ಸಮತಟ್ಟಿನ ನಡುವೆ ನಿಂತು ಕೆಲಸ ಮಾಡಿದರೆ ಕರೆಂಟ್ ಚೂರು ಏರಿಳಿದರೂ ರಿಸಲ್ಟ್ ಅಲ್ಲಾಡುವುದಿಲ್ಲ. ನಿಮ್ಮ ಮೆಷಿನ್‌ಗೆ ಆ ಸಮತಟ್ಟು ಎಲ್ಲಿದೆ ಅನ್ನುವುದನ್ನು ನೀವೇ ಹುಡುಕಿಕೊಳ್ಳಬೇಕು.

ಕರೆಂಟ್ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಕ್ರಷರ್ ಸೈಟಿನ ಲ್ಯಾಬ್‌ಗೆ ಇದು ದೊಡ್ಡ ತಲೆನೋವು. ಕಲ್ಲು ಒಡೆಯುವ ಜಾ ಕ್ರಷರ್‌ನ ಮೋಟರ್ ಸ್ಟಾರ್ಟ್ ಆದಾಗ ಲ್ಯಾಬ್‌ನ ಟ್ಯೂಬ್‌ಲೈಟ್ ಮಂಕಾಗುತ್ತದೆ. ಆ ಹೊತ್ತಿನಲ್ಲಿ ತ್ರಿಕೋನದ ಕಪ್ಪು ತುದಿ ಕಣ್ಣೆದುರೇ ಜರುಗುವುದನ್ನು ನೋಡಿದ್ದೇನೆ. ಒಂದು ಸ್ಟೆಬಿಲೈಜರ್ ಹಾಕಿಸಿ ಅಂತ ಮಾಲೀಕರನ್ನು ಕೇಳಿದೆ, ಹಾಕಿಸಿಕೊಟ್ಟರು. ಮೆಷಿನ್ ಇಡುವ ಜಾಗವೂ ಮುಖ್ಯ. ತೆಳು ಕಾಲಿನ ಟೇಬಲ್ ಮೇಲೆ ಇಟ್ಟರೆ ಶಕ್ತಿಯ ಒಂದು ಪಾಲು ಟೇಬಲ್ ಅಲ್ಲಾಡಿಸುವುದಕ್ಕೇ ಹೋಗುತ್ತದೆ. ನಮ್ಮದು ಈಗ ಕಾಂಕ್ರೀಟ್ ಕಟ್ಟೆಯ ಮೇಲಿದೆ. ಇನ್ನು ಕ್ಲಾಂಪ್. ಶುರುವಿನಲ್ಲಿ ಬಿಗಿ ಮಾಡಿ, ಒಂದು ನಿಮಿಷ ಓಡಿಸಿ, ನಿಲ್ಲಿಸಿ ಮತ್ತೆ ಬಿಗಿ ಮಾಡಿ. ಜರಡಿಗಳು ಒಂದರೊಳಗೊಂದು ಕೂರುವಾಗ ಸ್ವಲ್ಪ ಇಳಿದಿರುತ್ತವೆ. ಎಂಟು ಇಂಚಿನ ಜರಡಿ ಮತ್ತು 200 ಮಿ.ಮೀ. ಜರಡಿ ಬೆರೆಸಿದ್ದರೆ ಅವು ಸರಿಯಾಗಿ ಕೂರುವುದೇ ಇಲ್ಲ. ಎಂಟು ಇಂಚು ಅಂದರೆ 203 ಮಿ.ಮೀ.ಗಿಂತ ಚೂರು ಜಾಸ್ತಿ.

ಆಟ ಸರಿಮಾಡಿದ ಮೇಲೂ ಅವರ ಸಂಖ್ಯೆ ಪೂರ್ತಿ ನನ್ನದರ ಹತ್ತಿರ ಬರಲಿಲ್ಲ. ಉಳಿದ ವ್ಯತ್ಯಾಸಕ್ಕೆ ಕಾರಣ ಎಷ್ಟು ಮರಳು ಹಾಕುತ್ತೇವೆ ಅನ್ನುವುದು. ಅವರು ಒಂದು ಕಿಲೋ ಹಾಕುತ್ತಿದ್ದರು. ನಮ್ಮಮ್ಮ ರಾಗಿ ಹಿಟ್ಟು ಜರಡಿ ಹಿಡಿಯುವಾಗ ಮೂಟೆಯನ್ನೇ ಸುರಿಯುವುದಿಲ್ಲ, ಹಿಡಿ ಹಿಡಿ ಹಾಕಿಕೊಳ್ಳುತ್ತಾಳೆ. ಕಾರಣ ಅದೇ. ಮೇಲಿನ ಪದರದ ಕಣ ಕೆಳಗಿನ ಪದರ ದಾಟಿ ಕಣ್ಣಿನವರೆಗೆ ಬರಬೇಕು. ಮರಳು, ಜಲ್ಲಿ ಪರೀಕ್ಷಿಸುವ ವಿಧಾನದ ಭಾರತೀಯ ಮಾನಕ ಐಎಸ್ 2386ರ ಮೊದಲ ಭಾಗದಲ್ಲಿ ಇದಕ್ಕೆ ಮಿತಿ ಹಾಕಿದ್ದಾರೆ. 200 ಮಿ.ಮೀ. ಜರಡಿಯಲ್ಲಿ ಕೊನೆಗೆ ಉಳಿಯುವ ತೂಕ 1.18ಕ್ಕೆ 100 ಗ್ರಾಂ, 600 ಮೈಕ್ರಾನ್‌ಗೆ 75, 300ಕ್ಕೆ 50, 150ಕ್ಕೆ 40 ಗ್ರಾಂ ಮೀರಬಾರದು. ಒಂದು ಕಿಲೋ ಮರಳಿನಲ್ಲಿ ನಾಲ್ಕನೇ ಒಂದು ಭಾಗ 600ರ ಮೇಲೆ ನಿಂತರೆ 250 ಗ್ರಾಂ ಆಯಿತು, ಮಿತಿಯ ಮೂರು ಪಟ್ಟಿಗಿಂತ ಜಾಸ್ತಿ. ಎಲ್ಲರೂ ರೂಢಿಯಲ್ಲಿ ಹಾಕುವ 500 ಗ್ರಾಂ ಕೂಡ ಈ ಲೆಕ್ಕಕ್ಕೆ 125 ಆಗುತ್ತದೆ. ಇದೇ ಪರೀಕ್ಷೆಗೆ ಇರುವ ಅಮೆರಿಕದ ಮಾನಕ ಎಎಸ್‌ಟಿಎಂ ಸಿ 136 ಇಷ್ಟು ಬಿಗಿ ಅಲ್ಲ, ಅಲ್ಲಿ ಈ ಅಳತೆಯ ಸಣ್ಣ ಕಣ್ಣಿನ ಜರಡಿಗೆ ಸುಮಾರು 200 ಗ್ರಾಂವರೆಗೆ ಬಿಡುತ್ತಾರೆ. ಸಣ್ಣ ಮರಳಿಗೆ ಕನಿಷ್ಠ 300 ಗ್ರಾಂ ಸ್ಯಾಂಪಲ್ ಸಾಕು ಅಂತಲೂ ಅದರಲ್ಲಿದೆ.

ನಾವಿಬ್ಬರೂ 300 ಗ್ರಾಂ ಆಸುಪಾಸಿಗೆ ಬಂದೆವು. ಯಾವುದಾದರೂ ಜರಡಿಯಲ್ಲಿ ಮಿತಿ ಮೀರಿದರೆ ಅದನ್ನು ಎರಡು ಪಾಲು ಮಾಡಿ ಜರಡಿ ಹಿಡಿದು ತೂಕ ಕೂಡಿಸುವುದು. ಅವರ ಕಡೆ ಇದೊಂದೇ ಬದಲಾವಣೆಗೆ 600ರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಏರಿತು. ಲೋಡ್ ವಾಪಸ್ ಆಗುವ ಜಗಳಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಹುಟ್ಟುತ್ತವೆ ಅಂತ ನನ್ನ ಬಲವಾದ ಅನಿಸಿಕೆ.

ಆಸುಪಾಸು ಅಂದೆ, ಸರಿಯಾಗಿ 300 ಅನ್ನಲಿಲ್ಲ. ತಕ್ಕಡಿಯ ಮೇಲೆ ಸರಿಯಾಗಿ 300.0 ಬರಲಿ ಅಂತ ಚಮಚದಲ್ಲಿ ಹಾಕುವುದು ತೆಗೆಯುವುದು ಮಾಡಬಾರದು. ಚಮಚಕ್ಕೆ ದಪ್ಪ ಕಣ ಬರುವುದೇ ಬೇರೆ, ಧೂಳು ಬರುವುದೇ ಬೇರೆ. ಒಣಗಿದ ಸ್ಯಾಂಪಲ್ ಅನ್ನು ರಿಫಲ್ ಬಾಕ್ಸ್‌ನಲ್ಲಿ, ಅಂದರೆ ಮರಳನ್ನು ಸಮನಾಗಿ ಎರಡು ಪಾಲು ಮಾಡುವ ಪೆಟ್ಟಿಗೆಯಲ್ಲಿ, ಹಾಕಿ ಅರ್ಧ, ಮತ್ತೆ ಅರ್ಧ ಮಾಡುತ್ತಾ ಬನ್ನಿ. ಕೊನೆಗೆ 287 ಬಂದರೆ 287, 316 ಬಂದರೆ 316. ಶೇಕಡ ಲೆಕ್ಕಕ್ಕೆ ಅದೇನೂ ತೊಂದರೆ ಕೊಡುವುದಿಲ್ಲ. ಎಎಸ್‌ಟಿಎಂ ಕೂಡ ಮೊದಲೇ ನಿಗದಿ ಮಾಡಿದ ತೂಕಕ್ಕೆ ಸರಿಹೊಂದಿಸಬೇಡಿ ಅಂತಲೇ ಹೇಳುತ್ತದೆ. ಇನ್ನು ರಾಶಿಯಿಂದ ಸ್ಯಾಂಪಲ್ ತೆಗೆಯುವುದು ಬೇರೆಯೇ ಅಧ್ಯಾಯ. ಕನ್ವೇಯರ್‌ನಿಂದ ಬಿದ್ದ ರಾಶಿಯಲ್ಲಿ ದಪ್ಪ ಕಣ ಉರುಳಿ ಬುಡಕ್ಕೆ ಬರುತ್ತದೆ. ಬುಡದಿಂದ ಒಂದು ಸಲಿಕೆ ತೆಗೆದರೆ ಯಾವ ಮೆಷಿನ್ನೂ ಆ ತಪ್ಪನ್ನು ಸರಿಮಾಡಲಾರದು.

ಜರಡಿಗಳನ್ನು ಅದಲುಬದಲು ಮಾಡಿಯೂ ನೋಡಿದೆವು. ನನ್ನ ಜರಡಿಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋಗಲಿಲ್ಲ, ಕಾರಿನಲ್ಲಿ ಬಟ್ಟೆ ಸುತ್ತಿ ಒಯ್ದೆ, ಮೆಶ್ ಸಡಿಲವಾದರೆ ಎಲ್ಲ ಶ್ರಮವೂ ವ್ಯರ್ಥ. ಅವರ ಮೆಷಿನ್‌ನಲ್ಲಿ ನನ್ನ ಜರಡಿ, ನನ್ನ ಮೆಷಿನ್‌ನಲ್ಲಿ ಅವರ ಜರಡಿ, ಒಂದೇ ರಿಫಲ್‌ನಿಂದ ಬಂದ ಪಾಲುಗಳು. ಜರಡಿಯಿಂದ ಬಂದ ವ್ಯತ್ಯಾಸ ಒಂದು ಅಂಕದ ಹತ್ತಿರ ಇತ್ತು. ಇದರಲ್ಲಿ ಆಶ್ಚರ್ಯ ಇಲ್ಲ. ಜರಡಿ ಸರ್ಟಿಫಿಕೇಟ್ ಪಾಸ್ ಅಂದರೆ ಕಣ್ಣು ಸರಿಯಾಗಿ 600 ಇದೆ ಅಂತಲ್ಲ. ಸರಾಸರಿ ಕಣ್ಣು ಶೇ 3 ಚಿಲ್ಲರೆ ಆಚೀಚೆ ಇದ್ದರೂ ಪಾಸ್. ಹಾಗಾಗಿ ಒಬ್ಬರದು 580, ಇನ್ನೊಬ್ಬರದು 620 ಇರಬಹುದು, ಎರಡೂ ಸರಿ. ಒಂದು ಮರಳಿನಲ್ಲಿ 600ಕ್ಕೆ 36 ಇಳಿದು, 1.18ಕ್ಕೆ 56 ಇಳಿಯುತ್ತದೆ ಅಂತಿಟ್ಟುಕೊಳ್ಳಿ. ಆ ಏರಿನ ಲೆಕ್ಕದಲ್ಲಿ 580 ಮತ್ತು 620ರ ನಡುವೆಯೇ ಸುಮಾರು 2 ಅಂಕ ಇರುತ್ತದೆ. ಅಂಚಿನಲ್ಲಿರುವ ಮರಳಿಗೆ ಈ ಎರಡು ಅಂಕವೇ ಝೋನ್ ಬದಲಿಸಿಬಿಡುತ್ತದೆ. ಸರ್ಟಿಫಿಕೇಟ್‌ನ ಕೊನೆಯ ಸಾಲಿನ ಪಾಸ್ ಮಾತ್ರ ನೋಡದೆ ಒಳಗೆ ಬರೆದಿರುವ ಸರಾಸರಿ ಕಣ್ಣಿನ ಅಳತೆಯನ್ನೂ ನೋಡಿ ಅನ್ನುವುದು ಇದಕ್ಕೇ.

ಜರಡಿ ತೊಳೆಯುವ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಸಿಕ್ಕಿಕೊಂಡ ಕಣವನ್ನು ಸೂಜಿ, ಪಿನ್ನು ಹಾಕಿ ಚುಚ್ಚುವುದನ್ನು ನಮ್ಮ ಲ್ಯಾಬ್‌ನಲ್ಲಿ ಯಾರೂ ಮಾಡುವಂತಿಲ್ಲ. ಒಂದು ಕಣ್ಣು ಹಿಗ್ಗಿದರೆ ಅದು ಮತ್ತೆ ಕುಗ್ಗುವುದಿಲ್ಲ. ಜರಡಿಯನ್ನು ಬೋರಲು ಹಾಕಿ ಮೆತ್ತನೆ ಬ್ರಷ್‌ನಿಂದ ಕೆಳಗಿನಿಂದ ಉಜ್ಜಬೇಕು. 150, 75 ಮೈಕ್ರಾನ್ ಜರಡಿಗೆ ತಂತಿ ಬ್ರಷ್ ಮುಟ್ಟಿಸಲೇಬಾರದು. ಓವನ್‌ನಿಂದ ತೆಗೆದ ಬಿಸಿ ಮರಳನ್ನು ಹಾಗೇ ಸುರಿಯುವುದೂ ಬೇಡ, ತಣ್ಣಗಾಗಲಿ.

ಈಗ ಸಮಯ. ಹತ್ತು ನಿಮಿಷ ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಹೊಳೆ ಮರಳಿಗೆ ಅದು ಸಾಕೋ ಏನೋ, ಅದರ ಕಣ ಉರುಟು, ಬೇಗ ಇಳಿಯುತ್ತದೆ. ಎಂ ಸ್ಯಾಂಡ್ ಹಾಗಲ್ಲ. ನಮ್ಮ ಕಡೆಯ ಗ್ರಾನೈಟ್, ನೈಸ್ (gneiss) ಕಲ್ಲು ಒಡೆದಾಗ ಚಪ್ಪಟೆ, ಉದ್ದ ಚೂರುಗಳೂ ಬರುತ್ತವೆ, ಕಪ್ಪು ಅಭ್ರಕದ ಹಾಳೆಗಳೂ ಬರುತ್ತವೆ. ಚೌಕ ಕಣ್ಣಿನ ಮೂಲೆಯಿಂದ ಮೂಲೆಗೆ ಅಳೆದರೆ ಅದು ಬದಿಯ 1.41 ಪಟ್ಟು. ಚಪ್ಪಟೆ ಚೂರು ಆ ಮೂಲೆಗೆ ಸರಿಯಾಗಿ ಅಂಚು ಕೊಟ್ಟು ನಿಂತರೆ ಇಳಿದುಬಿಡುತ್ತದೆ, ಇಲ್ಲದಿದ್ದರೆ ಮೇಲೇ ಉಳಿಯುತ್ತದೆ. ಹಾಗೆ ನಿಲ್ಲಲು ಅದಕ್ಕೆ ಹೊತ್ತು ಬೇಕು. ಕುಣಿತ ಮೆಲ್ಲಗಿದ್ದರೆ ಇನ್ನೂ ಜಾಸ್ತಿ ಹೊತ್ತು ಬೇಕು. ಇದೇ ಕಾರಣಕ್ಕೆ ಎರಡು ಮೆಷಿನ್‌ಗಳ ವ್ಯತ್ಯಾಸ ಹೊಳೆ ಮರಳಿಗಿಂತ ಎಂ ಸ್ಯಾಂಡ್‌ನಲ್ಲಿ ಎದ್ದು ಕಾಣುತ್ತದೆ. ಹಾಗಂತ ಗಂಟೆಗಟ್ಟಲೆ ಓಡಿಸಿದರೆ ಮೆತ್ತನೆಯ, ಶಿಥಿಲವಾದ ಕಲ್ಲಿನ ಕಣಗಳು ಸವೆದು ಪುಡಿಯಾಗುತ್ತವೆ.

ಆದ್ದರಿಂದ ಗಡಿಯಾರಕ್ಕಿಂತ ಮರಳನ್ನೇ ಕೇಳುವುದು ಸರಿ. ಮೆಷಿನ್ ನಿಂತ ಮೇಲೆ ಒಂದು ಜರಡಿಯನ್ನು ತೆಗೆದು, ಕೆಳಗೆ ಪ್ಯಾನ್, ಮೇಲೆ ಮುಚ್ಚಳ ಹಾಕಿ ಒಂದು ನಿಮಿಷ ಕೈಯಲ್ಲಿ ಜರಡಿ ಹಿಡಿಯಿರಿ. ಸ್ವಲ್ಪ ಓರೆಯಾಗಿ ಹಿಡಿದು, ನಿಮಿಷಕ್ಕೆ ಸುಮಾರು 150 ಸಲ ಅಂಗೈಯ ಬುಡಕ್ಕೆ ಬಡಿದು, 25 ಬಡಿತಕ್ಕೊಮ್ಮೆ ಆರನೇ ಒಂದು ಸುತ್ತು ತಿರುಗಿಸಬೇಕು. ಆ ನಿಮಿಷದಲ್ಲಿ ಇಳಿದದ್ದು ಆ ಜರಡಿಯ ಮೇಲಿದ್ದ ಮರಳಿನ ಶೇ 1ಕ್ಕಿಂತ ಜಾಸ್ತಿ ಇದ್ದರೆ ಮೆಷಿನ್ ಕೆಲಸ ಮುಗಿಸಿಲ್ಲ ಅಂತ ಅರ್ಥ. ಎಎಸ್‌ಟಿಎಂನಲ್ಲಿ ಈ ಕ್ರಮ ಇದೆ. ನನ್ನ ಪಾಲಿಗೆ ಇಡೀ ವಿಷಯದ ಹೃದಯ ಇದೇ. ಯಾಕೆಂದರೆ ಇದಕ್ಕೆ ಮೆಷಿನ್ ಯಾವ ಕಂಪನಿಯದು ಅನ್ನುವುದು ಬೇಕಿಲ್ಲ. ಎರಡು ಮೆಷಿನ್‌ಗಳು ಬೇರೆ ಬೇರೆ ಹಾದಿಯಲ್ಲಿ ಬಂದರೂ, ಎರಡೂ ಈ ಕೈ ಪರೀಕ್ಷೆಯಲ್ಲಿ ಪಾಸಾದರೆ ಅವುಗಳ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಮಾತಾಡಬಹುದು. ಅವರ ಲ್ಯಾಬ್‌ನ ಹಳೆಯ ವಿಧಾನದಲ್ಲಿ ಒಂದು ಕಿಲೋ ಹಾಕಿ 600ರ ಜರಡಿಯನ್ನು ಕೈಯಲ್ಲಿ ಹಿಡಿದಾಗ ಪ್ಯಾನ್‌ಗೆ ಮರಳು ಸುರಿಯುತ್ತಲೇ ಇತ್ತು. ಇಂಜಿನಿಯರ್ ಅದನ್ನು ನೋಡಿ ಪ್ಯಾನ್ ಅನ್ನು ತಾವೇ ತೂಕಕ್ಕೆ ಇಟ್ಟರು. ಆಮೇಲೆ ನಮ್ಮ ನಡುವೆ ವಾದ ಇರಲಿಲ್ಲ, ಕೆಲಸ ಮಾತ್ರ ಇತ್ತು.

ಕೊನೆಗೆ ಒಂದೇ ಲೋಡಿಗೆ ಎರಡೂ ಲ್ಯಾಬ್‌ನ ಸಂಖ್ಯೆ ಒಂದು ಅಂಕದೊಳಗೆ ಬಂತು. ಅದು 36 ಚಿಲ್ಲರೆ. ನನ್ನ ಮಾತೇ ನಡೆಯಿತು ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಒಂದೇ ರಿಫಲ್‌ನ ಎರಡು ಪಾಲುಗಳಿಗೇ ಅರ್ಧ, ಒಂದು ಅಂಕ ವ್ಯತ್ಯಾಸ ಬರುತ್ತದೆ. ಹಾಗಿರುವಾಗ 35ರ ಗೆರೆಯ ಪಕ್ಕದಲ್ಲಿ 36ರ ಮರಳು ಕಳಿಸುವುದೇ ಕ್ಷೇಮವಲ್ಲ. ನಾಳೆ ಇನ್ನೊಂದು ಲ್ಯಾಬ್‌ನ ಕಣ್ಣು 585 ಇದ್ದರೆ ಮತ್ತೆ ಅದೇ ಕಥೆ. ಪ್ಲಾಂಟ್ ಸೂಪರ್‌ವೈಸರ್ ಅಣ್ಣನ ಹತ್ತಿರ ಕೂತು ಕಲ್ಲನ್ನು ಎಸೆದು ಒಡೆಯುವ ವಿಎಸ್‌ಐ ಮೆಷಿನ್‌ನ ರೋಟರ್ ವೇಗವನ್ನು ಚೂರು ಏರಿಸುವಂತೆ ಮಾಡಿದೆ, ಸವೆದ ಸ್ಕ್ರೀನ್ ಮೆಶ್ ಬದಲಾಯಿಸಿದೆವು. ಈಗ 600 ಇಳಿಯುವುದು 40ರ ಮೇಲಿದೆ. ಲ್ಯಾಬ್ ಎಷ್ಟೇ ಚೆನ್ನಾಗಿದ್ದರೂ ಗೆರೆಯ ಅಂಚಿನ ಮರಳನ್ನು ಕಾಪಾಡುವುದು ಅದರ ಕೆಲಸವಲ್ಲ.

ಹಾಳೆಯನ್ನೂ ಬದಲಿಸಿದ್ದೇನೆ. ನಾಬ್ ನಂಬರ್ ತೆಗೆದುಹಾಕಿದೆ. ಅದರ ಬದಲು ಪೂರ್ತಿ ಆಟ ಎಷ್ಟು ಮಿ.ಮೀ., ನಿಮಿಷಕ್ಕೆ ಎಷ್ಟು ಕುಣಿತ, ಒಣ ತೂಕ ಎಷ್ಟು, ಎಷ್ಟು ಹೊತ್ತು, ಕೈ ಪರೀಕ್ಷೆಯಲ್ಲಿ ಎಷ್ಟು ಇಳಿಯಿತು ಅಂತ ಬರೆಯುತ್ತೇನೆ. ಎಲ್ಲ ಜರಡಿ ಮತ್ತು ಪ್ಯಾನ್‌ನ ತೂಕ ಕೂಡಿಸಿದರೆ ಶುರುವಿನ ತೂಕಕ್ಕಿಂತ ಶೇ 0.3ಕ್ಕಿಂತ ಜಾಸ್ತಿ ತಪ್ಪಿದ್ದರೆ ಆ ಪರೀಕ್ಷೆಯನ್ನು ಬಿಟ್ಟು ಮತ್ತೆ ಮಾಡುತ್ತೇನೆ. ಎರಡೂ ಲ್ಯಾಬ್‌ನಲ್ಲಿ ಒಂದೇ ಮರಳಿನ ಸಣ್ಣ ಸಣ್ಣ ಪೊಟ್ಟಣಗಳನ್ನು ರಿಫಲ್ ಮಾಡಿ ಸೀಲ್ ಹಾಕಿ ಇಟ್ಟುಕೊಂಡಿದ್ದೇವೆ. ಆಗಾಗ ಒಂದನ್ನು ಬಿಚ್ಚಿ ಓಡಿಸಿ ಫೋನಿನಲ್ಲಿ ಸಂಖ್ಯೆ ಹೇಳಿಕೊಳ್ಳುತ್ತೇವೆ. ಸಂಖ್ಯೆ ಮೆಲ್ಲಗೆ ಒಂದೇ ಕಡೆಗೆ ಸರಿಯುತ್ತಿದ್ದರೆ ಜರಡಿ ಹಿಗ್ಗಿದೆ ಅಥವಾ ಸ್ಪ್ರಿಂಗ್ ಸೋತಿದೆ ಅಂತ ಮೊದಲೇ ಗೊತ್ತಾಗುತ್ತದೆ. ಚೆನ್ನೈ ಹತ್ತಿರದ ಎನ್ನೋರ್ ಮರಳು, ಸಿಮೆಂಟ್ ಪರೀಕ್ಷೆಗೆ ಬಳಸುತ್ತಾರಲ್ಲ ಆ ಸ್ಟ್ಯಾಂಡರ್ಡ್ ಮರಳು, ಅದನ್ನೂ ಇದಕ್ಕೆ ಬಳಸಬಹುದಾ ಅಂತ ಯೋಚಿಸಿದ್ದೆವು. ಆದರೆ ಅದರ ಕಣ ನಮ್ಮ ಕಲ್ಲಿನ ಚೂರುಗಳ ಹಾಗೆ ಚಪ್ಪಟೆ ಅಲ್ಲ. ನಮ್ಮ ಮೆಷಿನ್‌ಗಳ ದೌರ್ಬಲ್ಯ ಹೊರಗೆ ಬರಬೇಕಾದರೆ ನಮ್ಮ ಮರಳೇ ಬೇಕು.

ಒಂದು ಕೆಲಸ ಇನ್ನೂ ನಡೆಯುತ್ತಿದೆ, ಅದು ಧೂಳಿನದು. ಎಂ ಸ್ಯಾಂಡ್‌ನಲ್ಲಿ ಕಲ್ಲಿನ ಹಿಟ್ಟು ಜಾಸ್ತಿ. ಅದಕ್ಕೇ ಒಡೆದ ಕಲ್ಲಿನ ಮರಳಿಗೆ 150 ಮೈಕ್ರಾನ್ ಇಳಿಯುವ ಮಿತಿಯನ್ನು ಐಎಸ್ 383 ಶೇ 20ರವರೆಗೆ ಬಿಟ್ಟಿದೆ. ಈ ಹಿಟ್ಟು ದಪ್ಪ ಕಣಗಳ ಮೈಗೆ ಅಂಟಿಕೊಂಡಿರುತ್ತದೆ, ಶೇಕರ್ ಎಷ್ಟು ಕುಣಿಸಿದರೂ ಪೂರ್ತಿ ಬಿಡುವುದಿಲ್ಲ. ಮಳೆಗಾಲದಲ್ಲಿ ಇನ್ನೂ ಕಷ್ಟ. ಒಣ ಜರಡಿಯಲ್ಲಿ 75 ಮೈಕ್ರಾನ್ ಇಳಿದದ್ದು ಕಡಿಮೆ ತೋರಿಸುತ್ತದೆ, ತೊಳೆದು ನೋಡಿದರೆ ಜಾಸ್ತಿ ಬರುತ್ತದೆ. ಈಗ ನಾನು ಮೊದಲು 75ರ ಮೇಲೆ ನೀರಿನಲ್ಲಿ ತೊಳೆದು, ಒಣಗಿಸಿ, ತೂಗಿ, ಆಮೇಲೆ ಶೇಕರ್‌ಗೆ ಹಾಕುತ್ತಿದ್ದೇನೆ. ಅವರ ಲ್ಯಾಬ್‌ನಲ್ಲಿ ತೊಳೆಯುವ ಸಿಂಕ್‌ಗೆ ಕೆಸರು ತಡೆಯುವ ತೊಟ್ಟಿ ಇಲ್ಲ, ಪೈಪ್ ಕಟ್ಟಿಕೊಳ್ಳುತ್ತದೆ. ತೊಟ್ಟಿ ಕಟ್ಟಿಸುವವರೆಗೆ ಅವರ ಪಾಲಿನ ಸ್ಯಾಂಪಲ್ ಕೂಡ ಇಲ್ಲಿಗೇ ಬರುತ್ತಿದೆ. ವಾಪಸ್ ಬರುವ ಖಾಲಿ ಲಾರಿಯಲ್ಲಿ ಡ್ರೈವರ್ ಅದನ್ನು ಸೀಟಿನ ಪಕ್ಕ ಇಟ್ಟುಕೊಂಡು ತಂದುಕೊಡುತ್ತಾನೆ.